ಗುಡಿಯ ಮಾಳಿಗೆಯ ಹಂಗಾಮಿ ಕೆಲಸ

ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ. ರೋಹಿಣಿ ಮಳೆಗೆ ಮುಂಚೆಯೇ ಮನೆಯ ಹಿರಿಯರು ಏಣಿ ಹಚ್ಚಿ ಮಾಳಿಗೆ ಏರುತ್ತಾರೆ. ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹರವಿ, ನೀರು ಹೋಗುವ ಕಂಡಿಯ ಬಾಯಿ ಬಿಡಿಸಿ ಕೆಳಗಿಳಿಯುತ್ತಾರೆ. ಅರ್ಧ ದಿನದ ಕೆಲಸ. ಒಂದು ವರ್ಷ ಅದನ್ನು ತಪ್ಪಿಸಿದರೆ ಅಡಿಗೆಮನೆಯಲ್ಲಿ ಪಾತ್ರೆ ಇಟ್ಟು ಸೋರುವ ನೀರು ಹಿಡಿಯಬೇಕಾಗುತ್ತದೆ. ಎರಡು ವರ್ಷ ತಪ್ಪಿಸಿದರೆ ತೊಲೆ ಕೊಳೆಯುತ್ತದೆ. ಮನೆ ಬೀಳುವುದು ಸಿಡಿಲಿನಿಂದಲ್ಲ, ಈ ತಪ್ಪಿದ ಅರ್ಧ ದಿನದಿಂದ.

ನಿಮ್ಮ ಮನೆಗೆ ಅನ್ವಯಿಸುವ ಈ ನಿಯಮವೇ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಗುಡಿಗಳಿಗೂ ಅನ್ವಯಿಸುತ್ತದೆ ಎಂದರೆ ನೀವು ಆಶ್ಚರ್ಯಪಡಬಹುದು. ಕಲ್ಲಿನ ಗುಡಿಗೆ ಮಳೆಯ ಭಯವೇ? ಹೌದು, ಇದೆ. ಆದುದರಿಂದಲೇ ಆ ಗುಡಿಗಳ ಮಾಳಿಗೆಯನ್ನು ಪ್ರತಿವರ್ಷ ಯಾರಾದರೂ ಏರಬೇಕಾಗುತ್ತದೆ. ಹಾಗೆ ಏರುವವರು ಬಹುಮಟ್ಟಿಗೆ ಹಂಗಾಮಿನ ಮಟ್ಟಿಗೆ ದಿನಗೂಲಿಯ ಮೇಲೆ ಬಂದ, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮತ್ತು ಗಂಡಸರು. ಈ ಕೆಲಸ ಎಂಥದು, ಅದನ್ನು ಹಿಡಿಯುವವರು ಏನನ್ನು ತಿಳಿದಿರಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಶತ್ರು ಯಾರೆಂದು ತಿಳಿಯಬೇಕು. ಬಾದಾಮಿಯ ಕೆಂಪು ಕಲ್ಲು ಮರಳುಗಲ್ಲು. ಅಗಣಿತ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರಪದರವಾಗಿ ಗಟ್ಟಿಯಾಗಿ ಆದ ಕಲ್ಲು ಅದು. ಕೆತ್ತಲು ಅನುಕೂಲವಾದ ಈ ಗುಣವೇ ಅದರ ದೌರ್ಬಲ್ಯವೂ ಹೌದು. ನೀರು ಪದರಗಳ ನಡುವೆ ಇಳಿಯುತ್ತದೆ; ಆರುವಾಗ ತನ್ನೊಡನೆ ತಂದ ಉಪ್ಪನ್ನು ಕಲ್ಲಿನ ಮೈಯೊಳಗೆ ಬಿಡುತ್ತದೆ. ಆ ಉಪ್ಪು ಹರಳುಗಟ್ಟಿ ಉಬ್ಬಿದಾಗ ಕಲ್ಲಿನ ಚರ್ಮ ಹಪ್ಪಳದಂತೆ ಏಳುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮಲೆನಾಡಿನವರು ಕೇಳಿದರೆ ನಕ್ಕಾರು. ಆದರೆ ಬಂದಾಗ ಒಮ್ಮೆಗೇ ಸುರಿಯುತ್ತದೆ, ಹೋದಮೇಲೆ ಸುಡುವ ಬಿಸಿಲು ಬೀಳುತ್ತದೆ. ನೆನೆಯುವುದು, ಆರುವುದು, ಮತ್ತೆ ನೆನೆಯುವುದು: ಕಲ್ಲಿಗೆ ಇದಕ್ಕಿಂತ ಕೆಟ್ಟ ಚಾಕರಿ ಇಲ್ಲ.

ಕಟ್ಟಿದವರಿಗೆ ಇದು ತಿಳಿಯದೆ ಇರಲಿಲ್ಲ. ಐಹೊಳೆಯ ಲಾಡಖಾನ ಗುಡಿಯ ಮಾಳಿಗೆಯನ್ನು ಒಮ್ಮೆ ಗಮನಿಸಿ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಪ್ರತಿಯೊಂದು ಸಂದಿಯ ಮೇಲೂ ಉದ್ದನೆಯ ಕಲ್ಲಿನ ಪಟ್ಟಿಯನ್ನು ಕವುಚಿ ಇಟ್ಟಿದ್ದಾರೆ. ದೂರದಿಂದ ಮರದ ದಿಮ್ಮಿಗಳಂತೆ ಕಾಣುವ ಆ ಪಟ್ಟಿಗಳು ಅಲಂಕಾರಕ್ಕಾಗಿ ಬಂದುವಲ್ಲ. ನೀರು ನುಗ್ಗುವುದು ಸಂದಿಯಿಂದಲೇ ಎಂದು ಬಲ್ಲವರ ಉಪಾಯ ಅದು. ಇಳಕಲ್ಲಿನ ಮನೆಗಳಲ್ಲಿ ಸೀರೆ ನೇಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವಲ್ಲಿ ಕೈ ತಪ್ಪಿದರೆ ರೇಷ್ಮೆ ಎಷ್ಟು ಚೆನ್ನಾಗಿದ್ದರೂ ಸೀರೆ ಕೆಟ್ಟಿತು. ಗುಡಿಯ ಬಾಳೂ ಕೂಡಿಕೆಯಲ್ಲಿಯೇ ಇದೆ.

ಸಂದಿಯನ್ನು ಹುಡುಕಿ ಬರುವ ಇನ್ನೊಬ್ಬ ಶತ್ರು ಗಿಡ. ಹಕ್ಕಿ ಅರಳಿಯ ಹಣ್ಣನ್ನೋ ಆಲದ ಹಣ್ಣನ್ನೋ ತಿಂದು ಶಿಖರದ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಗಾಳಿ ತಂದ ಚಿಟಿಕೆ ಧೂಳೇ ಆ ಬೀಜಕ್ಕೆ ಹೊಲ. ಮೊದಲ ವರ್ಷ ಅದು ಎರಡು ಬೆರಳಿನಲ್ಲಿ ಕೀಳಬಹುದಾದ ಎಳೆ ಸಸಿ. ಮೂರನೆಯ ವರ್ಷ ಬೇರು ಹೆಬ್ಬೆರಳ ಗಾತ್ರವಾಗಿ ಕಲ್ಲಿನ ಎರಡು ಸಾಲುಗಳ ನಡುವೆ ಸೇರಿರುತ್ತದೆ. ಆಗ ಅದನ್ನು ಎಳೆದು ಕಿತ್ತರೆ ಕಲ್ಲೂ ಜೊತೆಗೆ ಕದಲುತ್ತದೆ; ಕೀಳದೆ ಬಿಟ್ಟರೆ ಬೇರೇ ಕಲ್ಲನ್ನು ಕದಲಿಸುತ್ತದೆ. ಅಂಥ ಗಿಡವನ್ನು ಬುಡದಲ್ಲಿ ಕತ್ತರಿಸಿ, ಬೇರು ಸಾಯುವಂತೆ ಔಷಧ ಹಚ್ಚಿ, ಸತ್ತ ಮೇಲೆ ಸಂದಿಯನ್ನು ಬಿಡಿಸಿ ಗಾರೆ ತುಂಬಬೇಕು. ಒಂದು ಗಳಿಗೆಯ ಕೆಲಸ ಹೀಗೆ ಒಂದು ವರ್ಷದ ಕೆಲಸವಾಯಿತು. ಹಂಗಾಮಿನ ಕೂಲಿಯ ನಿಜವಾದ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಈ ಕೆಲಸದ ಪಂಚಾಂಗ ಒಕ್ಕಲುತನದ ಪಂಚಾಂಗದೊಡನೆ ಹೊಂದಿಕೊಂಡು ನಡೆಯುತ್ತದೆ. ಚೈತ್ರ-ವೈಶಾಖದಲ್ಲಿ ಹೊಲದಲ್ಲಿ ಕೆಲಸವಿಲ್ಲ. ಊರಿನ ಎಷ್ಟೋ ಜನ ಗೋವೆಗೋ ಮಂಗಳೂರಿಗೋ ಗುಳೆ ಹೋಗುವ ಕಾಲ ಅದು. ಗುಡಿಯ ಮಾಳಿಗೆ ಗುಡಿಸಿ, ಗೂಡು-ತರಗೆಲೆ ತೆಗೆದು, ನೀರಿನ ದಾರಿ ಬಿಡಿಸುವ ಕಾಲವೂ ಅದೇ. ಮಳೆಗಾಲದಲ್ಲಿ ಕೈಗಿಂತ ಕಣ್ಣಿಗೆ ಕೆಲಸ ಹೆಚ್ಚು: ಯಾವ ಮೂಲೆ ಸೋರುತ್ತದೆ, ಯಾವ ಗೋಡೆ ಹಸಿರಾಗುತ್ತದೆ ಎಂದು ನೋಡಿ ಗುರುತಿಟ್ಟುಕೊಳ್ಳಬೇಕು. ಹಿಂಗಾರಿ ಜೋಳ, ಕಡಲೆ ಬಿತ್ತನೆ ಮುಗಿದ ಬಳಿಕ ಕಸ ಕೀಳುವ ಕಾಲ ಬರುತ್ತದೆ. ಕಾಂಗ್ರೆಸ್ ಕಸವಾಗಲಿ ಬಳ್ಳಾರಿ ಜಾಲಿಯಾಗಲಿ ಬೀಜ ಕಟ್ಟುವ ಮೊದಲೇ ಹೋಗಬೇಕು. ಹೊಲದಲ್ಲಿ ಕುರ್ಪಿ ಹಿಡಿದು ಕಸ ತೆಗೆದ ಹೆಣ್ಣುಮಕ್ಕಳ ಕೈ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಪೈರನ್ನು ನೋಯಿಸದೆ ಕಸ ಕೀಳಬಲ್ಲ ಕೈ ಕಲ್ಲನ್ನೂ ನೋಯಿಸುವುದಿಲ್ಲ. ಚಳಿಗಾಲ ಗಾರೆಯ ಕಾಲ.

ಗಾರೆ ಎಂದೆ, ಸಿಮೆಂಟು ಎನ್ನಲಿಲ್ಲ. ಮನೆ ಕಟ್ಟುವ ಕೆಲಸದಿಂದ ಬಂದವರು ಇಲ್ಲಿಯೇ ಎಡವುತ್ತಾರೆ. ಸಿಮೆಂಟು ಮರಳುಗಲ್ಲಿಗಿಂತ ಬಿಗಿ. ಕಲ್ಲಿನೊಳಗೆ ಸೇರಿದ ನೀರು ಸಿಮೆಂಟಿನ ಮೂಲಕ ಹೊರಬರಲಾರದೆ ಕಲ್ಲಿನ ಮೈಯಿಂದಲೇ ಹೊರಬೀಳುತ್ತದೆ. ಸಿಮೆಂಟು ಉಳಿದು ಕಲ್ಲು ಉದುರುತ್ತದೆ. ಸುಣ್ಣದ ಗಾರೆ ಮೆತ್ತಗಿನದು, ಉಸಿರಾಡುವಂಥದು. ಹಾಳಾಗುವುದಿದ್ದರೆ ಅದು ಹಾಳಾಗಿ ಕಲ್ಲನ್ನು ಉಳಿಸುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು, ಚಾಲುಕ್ಯರ ಕಲ್ಲನ್ನು ಮತ್ತೆ ತರಲಾಗದು. ಸುಣ್ಣವನ್ನು ಅರಳಿಸಿ, ನೀರಿನಲ್ಲಿ ಬಹುದಿನ ನೆನೆಹಾಕಿ, ಮರಳು ಇಲ್ಲವೆ ಇಟ್ಟಿಗೆಯ ಪುಡಿಯೊಡನೆ ಅರೆಯುತ್ತಾರೆ. ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುವುದು ಹಳೆಯ ವಾಡಿಕೆ. ತುಂಬಿದ ಗಾರೆ ಬೇಗ ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ತಣ್ಣಗೆ ಕಾಯಬೇಕು. ಬೇಸಗೆಯಲ್ಲಿ ಈ ಕೆಲಸ ಮಾಡದಿರುವ ಕಾರಣ ಇದೇ.

ಮಾಡಬೇಕಾದುದಷ್ಟೇ ಮಾಡಬಾರದುದೂ ಇದೆ. ತಂತಿಯ ಬ್ರಷ್ಷಿನಿಂದ ಕಲ್ಲು ತಿಕ್ಕಬಾರದು. ಹಾವಸೆ ಹೋಗಲೆಂದು ಮನಸ್ಸಿಗೆ ಬಂದ ಆಮ್ಲ ಸುರಿಯಬಾರದು. ರಾಸಾಯನಿಕ ಶುದ್ಧಿಗೆ ಪುರಾತತ್ವ ಸರ್ವೇಕ್ಷಣದ ವಿಜ್ಞಾನ ಶಾಖೆ ಬೇರೆಯೇ ಇದೆ, ಅದರ ಕೇಂದ್ರ ಡೆಹರಾಡೂನಿನಲ್ಲಿದೆ. ಬಾದಾಮಿಯ ಮೂರನೆಯ ಗುಹೆ ಮಂಗಳೇಶನ ಶಾಸನದಂತೆ ಕ್ರಿ.ಶ. 578ರದು, ಅಲ್ಲಿ ಅಳಿದುಳಿದ ವರ್ಣಚಿತ್ರಗಳ ಕುರುಹು ಇದೆ. ಅಂಥ ಕಡೆ ಒದ್ದೆ ಅರಿವೆಯಿಂದ ಒರೆಸುವುದೂ ಅಪರಾಧವೇ. ಬಿದ್ದ ಕಲ್ಲಿನ ಚೂರನ್ನು ಎಸೆಯಬಾರದು. ಅದು ಯಾವ ಮೂರ್ತಿಯ ಬೆರಳೋ ಯಾವ ಅಕ್ಷರದ ಕೊಂಬೋ ಯಾರು ಬಲ್ಲರು? ಬಿದ್ದ ಜಾಗ ಗುರುತಿಟ್ಟು ಮೇಲಿನವರಿಗೆ ತೋರಿಸಬೇಕು.

ಇದು ಅಪಾಯವಿಲ್ಲದ ಕೆಲಸವಲ್ಲ. ಚಪ್ಪಡಿಯ ಕೆಳಗೆ ಚೇಳು, ಹುಲ್ಲಿನಲ್ಲಿ ಹಾವು, ಎತ್ತರದಲ್ಲಿ ಹೆಜ್ಜೇನು. ಬಾದಾಮಿಯಲ್ಲಿ ಬುತ್ತಿ ಕಸಿದುಕೊಳ್ಳುವ ಮಂಗಗಳಂತೂ ಪ್ರಸಿದ್ಧ. ಹಾವಸೆ ಕಟ್ಟಿದ ಒದ್ದೆ ಕಲ್ಲಿನ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ಬಾವಲಿಯ ಹಿಕ್ಕೆ ತೆಗೆಯುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟದಿದ್ದರೆ ಎದೆಗೆ ಕೆಡುಕು. ಹಗ್ಗ, ಗಟ್ಟಿ ಏಣಿ, ಕೈಚೀಲ, ಕುಡಿಯುವ ನೀರು: ಇವನ್ನು ಕೇಳಿ ಪಡೆಯುವುದು ನಾಚಿಕೆಯ ವಿಷಯವಲ್ಲ.

ನಿತ್ಯದ ಆರೈಕೆಯೇ ದೊಡ್ಡ ಜೀರ್ಣೋದ್ಧಾರಕ್ಕಿಂತ ಮೇಲೆಂಬ ವಿಚಾರ ಹೊಸದಲ್ಲ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗಾಗಿ ಸಂಘ ಕಟ್ಟಿದಾಗ ಇದನ್ನೇ ಸಾರಿದ. ನಮ್ಮಲ್ಲಿ ಸರ್ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣೆಯ ಕೈಪಿಡಿಯ ಒಲವೂ ಹೊಸದಾಗಿ ಕಟ್ಟುವುದರ ಕಡೆಗಲ್ಲ, ಇದ್ದುದನ್ನು ಉಳಿಸುವುದರ ಕಡೆಗೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಬೇಸಗೆಯ ಮಟ್ಟಿಗೆ ಸಾವಿರಾರು ಜನರನ್ನು ನೇಮಿಸಿಕೊಂಡು ಕಾಲುದಾರಿ, ಸೇತುವೆ, ಶೌಚಾಲಯಗಳನ್ನು ನೋಡಿಕೊಳ್ಳುತ್ತಾರೆ. ಅಲ್ಲಿಗೆ ಜನ ದೂರದೂರದಿಂದ ಬಂದು ಬಿಡಾರದಲ್ಲಿ ಉಳಿಯುತ್ತಾರೆ. ನಮ್ಮಲ್ಲಿಯ ಆಳು ಸಂಜೆಗೆ ತನ್ನ ಮನೆಗೇ ಹೋಗಿ ರೊಟ್ಟಿ ತಿನ್ನಬಹುದು. ಗುಳೆ ಹೋಗುವ ಮನೆಗೆ ಇದು ಸಣ್ಣ ಲಾಭವಲ್ಲ; ಮಕ್ಕಳ ಶಾಲೆ ತಪ್ಪುವುದಿಲ್ಲ, ಮುದುಕರು ಒಂಟಿಯಾಗುವುದಿಲ್ಲ.

ಹಾಗೆಂದು ಬರೀ ಲಾಭವನ್ನೇ ಹೇಳಿ ಮುಗಿಸುವುದು ಸರಿಯಲ್ಲ. ಹಂಗಾಮಿ ಎಂದರೆ ಹಂಗಾಮಿಯೇ. ಕೆಲಸ ಅನೇಕ ವೇಳೆ ಗುತ್ತಿಗೆದಾರನ ಮೂಲಕ ಬರುತ್ತದೆ. ಈ ವರ್ಷ ಕರೆದವರು ಮುಂದಿನ ವರ್ಷ ಕರೆಯದೆ ಇರಬಹುದು. ಹಲವು ವರ್ಷ ದುಡಿದರೆ ಕಾಯಂ ಆದೀತೆಂಬ ಆಸೆ ಎಷ್ಟೋ ಮನೆಗಳಲ್ಲಿದೆ. ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ಉಮಾದೇವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಕೊಟ್ಟ ತೀರ್ಪಿನಂತೆ, ನಿಯಮದ ಪ್ರಕಾರ ನೇಮಕವಾಗದ ದಿನಗೂಲಿಯವರು ದೀರ್ಘಕಾಲ ದುಡಿದ ಒಂದೇ ಕಾರಣಕ್ಕೆ ಕಾಯಂ ಮಾಡೆಂದು ಹಕ್ಕಿನಿಂದ ಕೇಳಲಾಗದು. ಕಾಯಂ ಹುದ್ದೆಗೆ ಪರೀಕ್ಷೆಯ ದಾರಿಯೇ ಬೇರೆ. ಆದ್ದರಿಂದ ನಿಮ್ಮ ಮನೆಯ ಹುಡುಗನೋ ಪರಿಚಯದವರೋ ಈ ಕೆಲಸಕ್ಕೆ ಹೊರಟರೆ ನಾಲ್ಕು ಮಾತು ಮೊದಲೇ ಕೇಳಿಕೊಳ್ಳಲಿ: ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತಾರೆಯೇ? ಕೂಲಿ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ದರಕ್ಕೆ ಕಡಮೆಯಿಲ್ಲವಷ್ಟೆ? ಹಣ ಬ್ಯಾಂಕಿನ ಖಾತೆಗೆ ಬರುತ್ತದೆಯೇ? ಕೆಲಸದಲ್ಲಿ ಪೆಟ್ಟಾದರೆ ಹೊಣೆ ಯಾರದು? ಸ್ಥಳದ ಸಂರಕ್ಷಣಾ ಸಹಾಯಕರನ್ನು ವಿಚಾರಿಸಬಹುದು. ಅದರ ಮೇಲೆ ಧಾರವಾಡದಲ್ಲಿ ಸರ್ವೇಕ್ಷಣದ ವೃತ್ತ ಕಚೇರಿ ಇದೆ.

ಇದರಲ್ಲಿ ಗುಡಿಯ ಹಿತವೂ ಇದೆ. ನಾಲ್ಕು ಮಳೆಗಾಲ ಒಂದೇ ಮಾಳಿಗೆ ಏರಿದವನಿಗೆ ಯಾವ ಸಂದಿ ಮೊದಲು ಬಿಡುತ್ತದೆ, ಯಾವ ಮೂಲೆಯ ಅರಳಿ ಮತ್ತೆ ಚಿಗುರುತ್ತದೆ ಎಂದು ಬಾಯಿಪಾಠವಾಗಿರುತ್ತದೆ. ಅವನು ಐದನೆಯ ವರ್ಷ ಗೋವೆಯ ಬಸ್ಸು ಹತ್ತಿದರೆ ಆ ತಿಳಿವಳಿಕೆಯೂ ಬಸ್ಸು ಹತ್ತಿತು. ಹೊಸಬನು ಮೊದಲಿಂದ ಕಲಿಯಬೇಕು; ಅವನು ಕಲಿಯುವ ತನಕ ಮಳೆ ಕಾಯುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನುಗ್ಗಿದ್ದು ನಿಮಗೆ ನೆನಪಿರಬಹುದು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವೆಂದು ಹೊಳೆಗೆ ಗೊತ್ತೇ? ಅಂಥ ನೆರೆ ಇಳಿದ ಮೇಲೆ ಉಳಿಯುವುದು ಕೆಸರು. ಅದನ್ನು ಒಣಗಿ ಗಟ್ಟಿಯಾಗುವ ಮೊದಲು, ಕೆತ್ತನೆಗೆ ಸಲಿಕೆ ತಗಲದಂತೆ ತೆಗೆಯಬಲ್ಲ ಕೈಗಳು ಆ ದಿನ ಊರಿನಲ್ಲಿ ಇರಬೇಕು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಇಬ್ಬರ ಹೆಸರೂ ಅಲ್ಲಿಯ ಶಾಸನದಲ್ಲಿದೆ. ಅದನ್ನು ವರ್ಷವರ್ಷವೂ ಉಳಿಸಿಕೊಂಡು ಬಂದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಹಾಜರಿ ಪುಸ್ತಕದಲ್ಲಿಯಾದರೂ ತಪ್ಪದೆ ಇರಲಿ. ಬನದ ಹುಣ್ಣಿಮೆಗೆ ಬನಶಂಕರಿಯ ತೇರಿಗೆ ಹೋದವರು ಹಾಗೆಯೇ ಪಟ್ಟದಕಲ್ಲಿಗೂ ಹೋಗಿಬನ್ನಿ. ಅಮೀನಗಡದ ದಾರಿಯಿಂದ ಹುನಗುಂದ, ಇಳಕಲ್ಲಿನವರಿಗೆ ಐಹೊಳೆ ಹತ್ತಿರ. ಕಂಬಗಳನ್ನು, ಮೂರ್ತಿಗಳನ್ನು ನೋಡಿದ ಮೇಲೆ ಒಮ್ಮೆ ತಲೆಯೆತ್ತಿ ಮಾಳಿಗೆಯ ಅಂಚನ್ನೂ ನೋಡಿರಿ. ಅಲ್ಲಿ ಹಸಿರು ಕಾಣದಿದ್ದರೆ, ಆ ವರ್ಷ ಯಾರೋ ತಮ್ಮ ಅರ್ಧ ದಿನವನ್ನು ತಪ್ಪಿಸಲಿಲ್ಲವೆಂದು ತಿಳಿಯಿರಿ.