ಜಾತಮಾತ್ರ ಶಿಶುವಿನ ಪ್ರಾಣಪ್ರತ್ಯಾಗಮನ

ಗರ್ಭದಿಂದ ಹೊರಬಿದ್ದ ಶಿಶುವು ಅಳದೆ, ಉಸಿರಾಡದೆ, ಅಂಗಾಂಗಗಳನ್ನು ಚಲಿಸದೆ ಇದ್ದರೆ ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ಭರತಖಂಡದ ವೈದ್ಯಶಾಸ್ತ್ರಕಾರರು ಬಹು ಪ್ರಾಚೀನಕಾಲದಲ್ಲಿಯೇ ಉತ್ತರವನ್ನು ವಿಧಿರೂಪವಾಗಿ ಕೊಟ್ಟಿರುವರು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯದಾದ ಜಾತಿಸೂತ್ರೀಯಾಧ್ಯಾಯದಲ್ಲಿ ಈ ವಿಧಿಯು ಕಾಣಬರುತ್ತದೆ. ಇಂದಿನ ವೈದ್ಯರು ಮಾಡುವುದೆಲ್ಲವೂ ಇದರಲ್ಲಿಯೇ ಅಡಗಿದೆಯೆಂಬುದು ಒಂದು ಪಕ್ಷ. ಇದು ಕೇವಲ ಮೂಢಾಚಾರವೆಂಬುದು ಇನ್ನೊಂದು ಪಕ್ಷ. ಗ್ರಂಥವನ್ನೂ ಶಿಶುವಿನ ಶರೀರಸ್ಥಿತಿಯನ್ನೂ ಒಟ್ಟಿಗೆ ವಿಚಾರಮಾಡಿದರೆ ಈ ಎರಡೂ ನಿಲ್ಲಲಾರವು.

ಚರಕನ ವಿಧಿಯ ಕ್ರಮವು ಹೀಗಿದೆ. ಮಗುವು ಹುಟ್ಟಿದೊಡನೆಯೇ ಅದರ ಕಿವಿಗಳ ಬುಡದಲ್ಲಿ ಎರಡು ಕಲ್ಲುಗಳನ್ನು ಒಂದಕ್ಕೊಂದು ತಾಡಿಸಿ ಶಬ್ದಮಾಡಬೇಕು. ತಣ್ಣೀರನ್ನಾಗಲಿ ಬಿಸಿನೀರನ್ನಾಗಲಿ ಮುಖದ ಮೇಲೆ ಚಿಮುಕಿಸಬೇಕು. ಪ್ರಸವಕ್ಲೇಶದಿಂದ ಕುಗ್ಗಿದ ಪ್ರಾಣಗಳನ್ನು ಶಿಶುವು ಇದರಿಂದ ಮರಳಿ ಪಡೆಯುವುದೆಂದು ಅಭಿಪ್ರಾಯ. ಅಷ್ಟರಿಂದಲೂ ಶಿಶುವು ಚೇಷ್ಟೆಯಿಲ್ಲದೆ ಇದ್ದರೆ, ಪ್ರಾಣಗಳು ಹಿಂದಿರುಗುವವರೆಗೂ ಶೂರ್ಪದಿಂದ, ಎಂದರೆ ಮೊರದಿಂದ, ಬೀಸುತ್ತಿರಬೇಕು. ಶಿಶುವು ಪ್ರಕೃತಿಸ್ಥಿತಿಗೆ ಬಂದುದನ್ನು ನೋಡಿಕೊಂಡ ಬಳಿಕವೇ ಸ್ನಾನಾದಿಗಳು. ಉಗುರನ್ನು ಚೆನ್ನಾಗಿ ಕತ್ತರಿಸಿದ ಬೆರಳಿಗೆ ಶುಚಿಯಾದ ಹತ್ತಿಯನ್ನು ಸುತ್ತಿ ತಾಲು, ತುಟಿ, ಕಂಠ, ನಾಲಗೆಗಳನ್ನು ಒರೆಸುವುದು ಅದಕ್ಕೂ ಮುಂದಿನ ಕಾರ್ಯ. ಈ ಎರಡು ಕಲ್ಲುಗಳನ್ನು ಸೂತಿಕಾಗಾರದಲ್ಲಿ ಮೊದಲೇ ಸಿದ್ಧವಾಗಿಡಬೇಕಾದ ಪದಾರ್ಥಗಳಲ್ಲಿ ಚರಕನು ಎಣಿಸಿರುವನೆಂಬುದು ಗಮನಾರ್ಹ.

ಸುಶ್ರುತನು ಉಲ್ಬವನ್ನು ತೆಗೆದು, ಸೈಂಧವಲವಣ ಸೇರಿದ ತುಪ್ಪದಿಂದ ಬಾಯನ್ನು ಶೋಧಿಸಿ, ನೆತ್ತಿಯ ಮೇಲೆ ತುಪ್ಪದಲ್ಲಿ ನೆನೆಸಿದ ಹತ್ತಿಯನ್ನಿಡಬೇಕೆನ್ನುವನು. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಬಲಾತೈಲಸೇಚನವನ್ನೂ ಕಿವಿಯ ಬಳಿ ಕಲ್ಲಿನ ನಾದವನ್ನೂ ಹೇಳಿರುವನು. ಆದರೆ ಶಿಶುವು ನಿಶ್ಚೇಷ್ಟವಾಗಿದ್ದರೆ ಮುಂದೇನೆಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ವಿಧಿಸಿರುವುದು ಚರಕನ ವಿಶೇಷ.

ಈ ಉಪಾಯಗಳು ಎಲ್ಲಿ ಫಲಿಸುವುವು, ಎಲ್ಲಿ ಫಲಿಸವು ಎಂಬುದನ್ನು ನಿರ್ಣಯಿಸಲು ಶಿಶುವಿನ ಶ್ವಾಸಾರಂಭದ ಸ್ವರೂಪವನ್ನು ತಿಳಿಯುವುದು ಅವಶ್ಯ. ಗರ್ಭದಲ್ಲಿ ಶಿಶುವಿಗೆ ಆಮ್ಲಜನಕವು ದೊರೆಯುವುದು ತಾಯಿಯ ರಕ್ತದಿಂದ, ಮಾಸಿನ ಮೂಲಕ. ಆಗ ಶ್ವಾಸಕೋಶಗಳಲ್ಲಿ ಗಾಳಿಯಿರದೆ ದ್ರವವು ತುಂಬಿರುತ್ತದೆ. ಹುಟ್ಟಿದ ಮೇಲಿನ ಮೊದಲ ಕೆಲವು ಉಸಿರುಗಳು ಈ ದ್ರವವನ್ನು ಸರಿಸಿ ಆ ಸ್ಥಳದಲ್ಲಿ ಗಾಳಿಯನ್ನು ತುಂಬಬೇಕು. ಆಮ್ಲಜನಕದ ಕೊರತೆಯಾದಾಗ ಮೊದಲು ಉಸಿರಾಟವು ತೀವ್ರವಾಗಿ, ಬಳಿಕ ನಿಲ್ಲುವುದು. ಇದು ಪ್ರಥಮ ಶ್ವಾಸಸ್ತಂಭ. ಕೊರತೆಯು ಮುಂದುವರಿದರೆ ಶಿಶುವು ಕೆಲವು ಸಲ ಏದುಸಿರನ್ನೆಳೆದು, ಅದೂ ನಿಂತು, ಹೃದಯದ ಗತಿಯೂ ರಕ್ತದ ಒತ್ತಡವೂ ಕುಸಿಯುವುವು. ಇದು ದ್ವಿತೀಯ ಶ್ವಾಸಸ್ತಂಭ. ಇಂಗ್ಲೆಂಡಿನ ಜೆಫ್ರಿ ಡಾಸ್ ಎಂಬ ಶಾರೀರವಿಜ್ಞಾನಿಯೂ ಅವನ ಸಂಗಡಿಗರೂ ಪ್ರಾಣಿಗಳಲ್ಲಿ ನಡೆಸಿದ ಪ್ರಯೋಗಗಳಿಂದ ಈ ಭೇದವು ಸ್ಪಷ್ಟವಾಯಿತು.

ಪ್ರಥಮಾವಸ್ಥೆಯಲ್ಲಿ ಸ್ಪರ್ಶಾದಿ ಪ್ರಚೋದನೆಯಿಂದ ಉಸಿರು ಮರಳಿ ಬರಬಹುದು. ದ್ವಿತೀಯಾವಸ್ಥೆಯಲ್ಲಿ ಎಷ್ಟು ಪ್ರಚೋದಿಸಿದರೂ ಬಾರದು. ಹೊರಗಿನಿಂದ ಗಾಳಿಯನ್ನು ಒತ್ತಡದಿಂದ ಶ್ವಾಸಕೋಶದೊಳಕ್ಕೆ ಸೇರಿಸುವುದೇ ಉಪಾಯ. ಹುಟ್ಟಿದ ಕ್ಷಣದಲ್ಲಿ ಶಿಶುವು ಯಾವ ಅವಸ್ಥೆಯಲ್ಲಿದೆಯೆಂಬುದನ್ನು ಕಣ್ಣಿನಿಂದ ನೋಡಿ ನಿರ್ಣಯಿಸಲಾಗುವುದಿಲ್ಲ. ಆದುದರಿಂದ ಅಲ್ಪಕಾಲದ ಪ್ರಚೋದನೆಗೆ ಶಿಶುವು ಉತ್ತರಕೊಡದಿದ್ದರೆ ದ್ವಿತೀಯಾವಸ್ಥೆಯೆಂದೇ ಎಣಿಸಿ ಶ್ವಾಸದಾನಕ್ಕೆ ತೊಡಗಬೇಕು. ಈಗಿನ ಪದ್ಧತಿಯ ತಿರುಳು ಇದೇ.

ಈ ಪದ್ಧತಿಯ ಅನುಕ್ರಮವು ಇಂತಿದೆ: ಶಿಶುವು ದಿನತುಂಬಿ ಹುಟ್ಟಿದೆಯೆ, ಅಂಗಗಳಲ್ಲಿ ಬಿಗುವಿದೆಯೆ, ಅಳುತ್ತಿದೆಯೆ ಅಥವಾ ಉಸಿರಾಡುತ್ತಿದೆಯೆ ಎಂದು ಒಡನೆಯೇ ಪರೀಕ್ಷಿಸಬೇಕು. ಉಸಿರಿಲ್ಲದಿದ್ದರೆ ಬೆಚ್ಚಗಿನ ಒಣಬಟ್ಟೆಯಿಂದ ಒರೆಸಿ, ತಲೆಯನ್ನು ಅತಿಯಾಗಿ ಬಗ್ಗಿಸದೆ ಹಿಂದಕ್ಕೂ ಅತಿಯಾಗಿ ಚಾಚದೆ ಇರಿಸಿ, ಬೆನ್ನನ್ನು ಉಜ್ಜಬೇಕು ಅಥವಾ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಆಗಲೂ ಉಸಿರು ಬಾರದಿದ್ದರೆ, ಅಥವಾ ಹೃದಯದ ಬಡಿತವು ನಿಮಿಷಕ್ಕೆ ೧೦೦ಕ್ಕಿಂತ ಕಡಮೆಯಿದ್ದರೆ, ಹುಟ್ಟಿದ ಮೊದಲನೆಯ ನಿಮಿಷದೊಳಗಾಗಿ ಚೀಲ ಮತ್ತು ಮುಖವಾಡದ ಸಾಧನದಿಂದ ಗಾಳಿಯನ್ನು ಕೊಡಲಾರಂಭಿಸಬೇಕು. ಎದೆಯು ಏಳುವುದೂ ಹೃದಯದ ಬಡಿತವು ಹೆಚ್ಚುವುದೂ ಗಾಳಿಯು ಒಳಸೇರಿದುದಕ್ಕೆ ಲಿಂಗಗಳು. ಸರಿಯಾಗಿ ಶ್ವಾಸದಾನಮಾಡಿದ ಮೇಲೂ ಬಡಿತವು ೬೦ಕ್ಕಿಂತ ಕೆಳಗಿದ್ದರೆ, ಮೂರು ಸಲ ಎದೆಯನ್ನು ಒತ್ತಿ ಒಂದು ಸಲ ಉಸಿರು ಕೊಡುವ ಕ್ರಮವನ್ನು ಅನುಸರಿಸಬೇಕು.

ದಿನತುಂಬಿ ಹುಟ್ಟಿದ ನೂರು ಶಿಶುಗಳಲ್ಲಿ ಸುಮಾರು ೮೫ ತಾವಾಗಿಯೇ ಉಸಿರಾಡುವುವು; ಸುಮಾರು ೧೦ ಒರೆಸಿ ಉಜ್ಜುವುದರಿಂದಲೇ ಉಸಿರಾಡುವುವು; ಸುಮಾರು ೫ಕ್ಕೆ ಶ್ವಾಸದಾನವು ಬೇಕಾಗುವುದು. ಕಲ್ಲಿನ ನಾದದಿಂದಲೂ ನೀರಿನ ಸ್ಪರ್ಶದಿಂದಲೂ ಎಚ್ಚತ್ತ ಶಿಶುಗಳನ್ನು ಪ್ರಾಚೀನರು ಪ್ರತ್ಯಕ್ಷವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವು ಪ್ರಥಮಾವಸ್ಥೆಯಲ್ಲಿದ್ದವುಗಳೆಂದು ಊಹಿಸಬಹುದು. ಆದುದರಿಂದ ಮೂಢಾಚಾರವೆಂಬ ಪಕ್ಷವು ನಿಲ್ಲದು. ಮೊರದಿಂದ ಎಷ್ಟು ಬೀಸಿದರೂ ಗಾಳಿಯು ಮೈಯನ್ನು ಮುಟ್ಟುವುದೇ ಹೊರತು ದ್ರವವು ತುಂಬಿದ ಶ್ವಾಸಕೋಶವನ್ನು ಹೊಗಲಾರದು. ಆದುದರಿಂದ ಎಲ್ಲವೂ ಅದರಲ್ಲಿಯೇ ಇದೆಯೆಂಬ ಪಕ್ಷವೂ ನಿಲ್ಲದು. ಪ್ರಾಣವು ವಾಯುರೂಪವಾದುದು, ಅದನ್ನು ವಾಯುವಿನಿಂದಲೇ ಮರಳಿಸಬೇಕು ಎಂಬಲ್ಲಿಯವರೆಗೆ ಪ್ರಾಚೀನವಿಧಿಯು ಸಾಗಿತು. ವಾಯುವನ್ನು ಒಳಗೆ ಸೇರಿಸುವ ಸಾಧನವು ಅದರಲ್ಲಿ ಇರಲಿಲ್ಲ. ಬಿಟ್ಟೊಡನೆ ತಾನೇ ಉಬ್ಬಿಕೊಳ್ಳುವ ಗಾಳಿಚೀಲವು ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದುದು ೧೯೫೬ರಲ್ಲಿ.

ವಿಧಿಯ ಕೆಲವು ಅಂಗಗಳನ್ನು ಇಂದು ಆಚರಿಸಲೇಬಾರದು. ಒದ್ದೆ ಮೈಯ ಶಿಶುವು ಬಹುಬೇಗನೆ ಶಾಖವನ್ನು ಕಳೆದುಕೊಳ್ಳುವುದು. ಮುಖಕ್ಕೆ ತಣ್ಣೀರು ತಗುಲಿದರೆ ಹೃದಯದ ಗತಿಯು ಇನ್ನೂ ಕುಗ್ಗಬಹುದು. ಬೀಸುವ ಗಾಳಿಯೂ ಮೈಯನ್ನು ತಣಿಸುವುದು. ಉಸಿರಿಲ್ಲದ ಶಿಶುವಿನ ಬಾಯಿಗೆ ತುಪ್ಪವನ್ನು ಹಾಕಿದರೆ ಅದು ಶ್ವಾಸಮಾರ್ಗವನ್ನು ಹೊಗಬಹುದು. ಇದೇ ಬಗೆಯಲ್ಲಿ, ಕಾಲುಗಳನ್ನು ಹಿಡಿದು ತಲೆಕೆಳಗಾಗಿ ತೂಗಿ ಬೆನ್ನಿಗೆ ಹೊಡೆಯುವ ಲೋಕರೂಢಿಯೂ ತ್ಯಾಜ್ಯವೇ.

ಆದರೆ ವಿಧಿಯ ಕ್ರಮದಲ್ಲಿ ಉಪಾದೇಯವಾದ ಅಂಶಗಳಿವೆ. ಉಪಕರಣಗಳು ಪ್ರಸವಕ್ಕೆ ಮುಂಚೆಯೇ ಸಿದ್ಧವಾಗಿರಬೇಕು. ಬಹುಪ್ರಸವಗಳನ್ನು ಕಂಡ ಸ್ತ್ರೀಯರು ಹತ್ತಿರದಲ್ಲಿರಬೇಕೆಂದು ಚರಕನು ಹೇಳಿರುವನು. ಸುಲಭೋಪಾಯವು ಮೊದಲು, ಅದು ಫಲಿಸದಿದ್ದರೆ ಮುಂದಿನದು. ಪ್ರಕೃತಿಸ್ಥಿತಿಗೆ ಬಾರದೆ ಸ್ನಾನವಿಲ್ಲ. ಇಂದಿನ ಪದ್ಧತಿಯೂ ಹೀಗೆಯೇ: ಚೀಲವನ್ನೂ ಮುಖವಾಡವನ್ನೂ ಮೊದಲೇ ಪರೀಕ್ಷಿಸಿಡಬೇಕು, ಶಿಕ್ಷಣ ಪಡೆದವರೊಬ್ಬರು ಪ್ರತಿಯೊಂದು ಪ್ರಸವದಲ್ಲಿಯೂ ಇರಬೇಕು. ಭಾರತಸರ್ಕಾರವು ೨೦೦೯ರಲ್ಲಿ ಆರಂಭಿಸಿದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಮುಖ್ಯೋದ್ದೇಶಗಳಲ್ಲಿ ಪ್ರಸವಮಾಡಿಸುವ ದಾದಿಯರಿಗೂ ವೈದ್ಯರಿಗೂ ಈ ಶಿಕ್ಷಣವನ್ನು ಕೊಡುವುದು ಒಂದು.

ಚರಕನ ವಾಕ್ಯದಲ್ಲಿ ಕಲ್ಲು, ನೀರು, ಮೊರಗಳು ಸಾಧನಗಳು, ಪ್ರಾಣಪ್ರತ್ಯಾಗಮನವು ಸಾಧ್ಯ. ಇನ್ನೂ ಸಮರ್ಥವಾದ ಸಾಧನವು ದೊರೆತಾಗ ಅದನ್ನು ಸ್ವೀಕರಿಸುವುದರಿಂದ ವಿಧಿಗೆ ಹಾನಿಯಿಲ್ಲ. ಸಾಧನದ ಮೇಲಿನ ಅಭಿಮಾನದಿಂದ ಆ ಮೊದಲನೆಯ ನಿಮಿಷವು ಕಳೆದುಹೋದರೆ ಹಾನಿಯಾಗುವುದು ಶಿಶುವಿಗೆ.