ದಿಬ್ಬ ಹತ್ತುವ ದೋಣಿ

ನಾಲೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗದ್ದೆ. ಕಟ್ಟೆಯಿಂದ ಹೊರಟ ನೀರು ಇಳಿಜಾರು ಹಿಡಿದು ಬಯಲಿಗೆ ಹರಿಯುವುದು, ರೈತ ತೂಬು ತೆಗೆದು ಮಡಿಗೆ ಬಿಟ್ಟುಕೊಳ್ಳುವುದು, ಅಷ್ಟೇ. ನಾಲೆಯ ಮೇಲೆ ದೋಣಿಯಲ್ಲಿ ಒಂದು ವಾರ ಬಿಡಾರ ಹೂಡುತ್ತೇವೆಂದರೆ ನಗು ಬಂದೀತು. ಆ ನಾಲೆ ದಿಬ್ಬ ಹತ್ತಿ ಆಚೆಗೆ ಇಳಿಯುತ್ತದೆ ಎಂದರಂತೂ ಹೇಳಿದವನ ತಲೆ ನೆಟ್ಟಗಿದೆಯೇ ಎಂದು ಕೇಳಬೇಕಾದೀತು. ಆದರೂ ಫ್ರಾನ್ಸಿನ ದಕ್ಷಿಣದಲ್ಲಿ ಅಂಥದೊಂದು ನಾಲೆಯುಂಟು. ಹೆಸರು ಕನಾಲ್ ದ್ಯು ಮಿದಿ. ‘ಮಿದಿ’ ಎಂದರೆ ಆ ಭಾಷೆಯಲ್ಲಿ ನಡುಹಗಲು. ತೆಂಕಣ ಸೀಮೆ ಎಂಬ ಅರ್ಥವೂ ಇದೆ. ತುಲೂಸ್ ನಗರದಿಂದ ಮೆಡಿಟರೇನಿಯನ್ ಕಡಲಂಚಿನ ಹಿನ್ನೀರಿನವರೆಗೆ ಇದರ ಉದ್ದ ೨೪೦ ಕಿಲೋಮೀಟರ್.

ಹಿಂದೆ ಅಟ್ಲಾಂಟಿಕ್ ಕಡೆಯ ಬೋರ್ಡೋ ಬಂದರಿನಿಂದ ಮೆಡಿಟರೇನಿಯನ್ ಕಡೆಗೆ ಸರಕು ಹೋಗಬೇಕಾದರೆ ಹಡಗುಗಳು ಸ್ಪೇನ್ ದೇಶವನ್ನೆಲ್ಲ ಬಳಸಿ ಜಿಬ್ರಾಲ್ಟರ್ ಜಲಸಂಧಿಯನ್ನು ಹಾಯಬೇಕಾಗಿತ್ತು. ದಾರಿಯುದ್ದಕ್ಕೂ ಬಿರುಗಾಳಿ, ಕಡಲುಗಳ್ಳರ ಭಯ. ಭೂಪಟದಲ್ಲಿ ನೋಡಿದರೆ ಎರಡು ಕಡಲುಗಳ ನಡುವೆ ಇರುವುದು ಅಂಗೈಯಗಲ ನೆಲ. ತುಲೂಸಿನವರೆಗೆ ಗರೋನ್ ನದಿಯೇ ಇತ್ತು. ಅಲ್ಲಿಂದಾಚೆ ಕಾಲುವೆ ತೋಡಿದರಾಯಿತು. ತೊಡಕು ಇದ್ದದ್ದು ಅಗೆತದಲ್ಲಲ್ಲ, ನೀರಿನಲ್ಲಿ. ನಡುವೆ ನೊರೂಜ್ ಎಂಬ ಏರು. ಸಮುದ್ರಮಟ್ಟದಿಂದ ೧೮೯ ಮೀಟರ್ ಎತ್ತರ. ದೋಣಿಯನ್ನು ಅಲ್ಲಿಗೆ ಹತ್ತಿಸುವ ಉಪಾಯ ಆಗಲೇ ಗೊತ್ತಿತ್ತು. ಆದರೆ ಒಂದೊಂದು ದೋಣಿ ದಾಟಿದಾಗಲೂ ನೆತ್ತಿಯ ಮೇಲಿನ ನೀರು ಒಂದಷ್ಟು ಆ ಬದಿಗೆ, ಒಂದಷ್ಟು ಈ ಬದಿಗೆ ಇಳಿದುಹೋಗುತ್ತದೆ. ಬೇಸಗೆಯಲ್ಲಿ ದಿಬ್ಬದ ನೆತ್ತಿಗೆ ನೀರು ಹೊತ್ತುಕೊಡುವವರು ಯಾರು?

ಇದಕ್ಕೆ ಉತ್ತರ ಹುಡುಕಿದವನು ಎಂಜಿನಿಯರನಲ್ಲ. ಜನ ಶಪಿಸುತ್ತಿದ್ದ ಉಪ್ಪಿನ ಸುಂಕದ ಗುತ್ತಿಗೆದಾರ, ಪಿಯೆರ್ ಪೋಲ್ ರಿಕೆ. ನೊರೂಜಿನ ಈಶಾನ್ಯಕ್ಕಿರುವ ಕರಿಬೆಟ್ಟದಲ್ಲಿ ಮಳೆ ಹೆಚ್ಚು. ಅಲ್ಲಿನ ತೊರೆಗಳನ್ನು ಅಡ್ಡಗಟ್ಟಿ, ಸಣ್ಣ ಕಾಲುವೆಯೊಂದರಲ್ಲಿ ಬೆಟ್ಟದ ಮಗ್ಗುಲಿಗೆ ಹಾಯಿಸಿ ನೆತ್ತಿಗೆ ತರಬಹುದೆಂದು ಅವನು ೧೬೬೨ರಲ್ಲಿ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರನಿಗೆ ಬರೆದ. ೧೬೬೬ರಲ್ಲಿ ರಾಜಾಜ್ಞೆ ಹೊರಟಿತು. ಬೇಸಗೆಯ ನೀರಿಗಾಗಿ ಸೇಂಟ್ ಫೆರಿಯೋಲ್ ಎಂಬಲ್ಲಿ ದೊಡ್ಡ ಕೆರೆ ಕಟ್ಟಿದರು. ಅರವತ್ತು ಲಕ್ಷ ಘನ ಮೀಟರ್ ನೀರು ಹಿಡಿಯುವ ಆ ಕೆರೆ ಇಂದಿಗೂ ಅದೇ ಕೆಲಸ ಮಾಡುತ್ತಿದೆ. ಕೆಲಸ ಬಿರುಸಾಗಿದ್ದಾಗ ಸುಮಾರು ೧೨೦೦೦ ಜನ ದುಡಿದರು, ಹೆಂಗಸರೂ ಬಹುಮಂದಿ. ಭಾನುವಾರಕ್ಕೆ, ಮಳೆಯ ದಿನಕ್ಕೆ, ಕಾಯಿಲೆ ಬಿದ್ದ ದಿನಕ್ಕೂ ಕೂಲಿಯುಂಟು ಎಂಬ ಏರ್ಪಾಡು ಆ ಕಾಲಕ್ಕೆ ಕೇಳರಿಯದ್ದು. ಸರ್ಕಾರದ ಹಣ ಸಾಲದೆ ಹೋದಾಗ ರಿಕೆ ತನ್ನ ಆಸ್ತಿಯನ್ನು ಸುರಿದ. ಹೆಣ್ಣುಮಕ್ಕಳ ಮದುವೆಗೆಂದು ತೆಗೆದಿಟ್ಟದ್ದನ್ನೂ ಸುರಿದನೆಂದು ಹೇಳುತ್ತಾರೆ. ೧೬೮೦ರ ಅಕ್ಟೋಬರಿನಲ್ಲಿ, ಸಾಲದ ಹೊರೆ ಹೊತ್ತೇ ಅವನು ತೀರಿಕೊಂಡ. ನಾಲೆ ತೆರೆದದ್ದು ೧೬೮೧ರ ಮೇ ತಿಂಗಳಲ್ಲಿ. ಮಕ್ಕಳು ಮೊಮ್ಮಕ್ಕಳಿಗೆ ಲಾಭವೆಂಬುದು ಕಂಡದ್ದು ೧೭೨೪ರ ಹೊತ್ತಿಗೆ.

ದೋಣಿ ದಿಬ್ಬ ಹತ್ತುವ ಬಗೆ ಹೀಗೆ. ನಾಲೆಯ ನಡುವೆ ಕಲ್ಲಿನ ಕೊಠಡಿ, ಹಿಂದೆ ಮುಂದೆ ಎರಡು ಜೋಡಿ ಕದ. ಇದಕ್ಕೆ ಲಾಕ್ ಎನ್ನುತ್ತಾರೆ. ಕೆಳಗಿನಿಂದ ಬಂದ ದೋಣಿ ಒಳಹೊಕ್ಕೊಡನೆ ಹಿಂದಿನ ಕದ ಹಾಕಿ, ಮೇಲಿನ ಕದದ ತೂಬು ಎತ್ತುತ್ತಾರೆ. ಕೊಡದಲ್ಲಿ ನೀರು ತುಂಬಿದಂತೆ ಕೊಠಡಿ ತುಂಬುತ್ತದೆ, ದೋಣಿ ತಾನೇ ಮೇಲೇಳುತ್ತದೆ. ನೀರು ಸಮನಾದ ಮೇಲೆ ಮುಂದಿನ ಕದ ತೆರೆದರೆ ಹೊರಟಿತು. ಕದದ ಎರಡು ರೆಕ್ಕೆಗಳು ಮೇಲ್ನೀರಿನ ಕಡೆಗೆ ಮೊನೆ ಮಾಡಿ ಕೂಡುವುದರಿಂದ ನೀರು ಒತ್ತಿದಷ್ಟೂ ಬಿಗಿ, ಅಗುಳಿಯೇ ಬೇಡ. ದಾರಿಯಲ್ಲಿ ಇಂಥವು ಅರವತ್ತಕ್ಕೂ ಹೆಚ್ಚು. ಮೊದಮೊದಲು ಗೋಡೆಗಳನ್ನು ನೆಟ್ಟಗೆ ಕಟ್ಟಿದಾಗ ಮಣ್ಣಿನ ಒತ್ತಡಕ್ಕೆ ಒಂದು ಕುಸಿದುಬಿತ್ತು. ಅಂದಿನಿಂದ ರಿಕೆ ಮೊಟ್ಟೆಯಾಕಾರದಲ್ಲಿ ಗೋಡೆಯನ್ನು ಬಾಗಿಸಿ ಕಟ್ಟಿಸಿದ. ನಮ್ಮ ಬಾವಿಯ ಗೋಡೆ ದುಂಡಗಿರುವುದಕ್ಕೂ ಇದೇ ಕಾರಣ.

ಈಗ ಸರಕಿನ ದೋಣಿಗಳಿಲ್ಲ. ೧೮೫೭ರಲ್ಲಿ ರೈಲು ಬಂತು. ಮರುವರ್ಷವೇ ನಾಲೆಯನ್ನು ರೈಲು ಕಂಪನಿಗೇ ಗುತ್ತಿಗೆ ಕೊಟ್ಟರು. ಬೆಕ್ಕಿನ ಕೈಗೆ ಹಾಲು ಕೊಟ್ಟಂತೆ! ಹಾಗೂ ಹೀಗೂ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಎಳೆದಾಡಿ ಸಾಗಾಟ ನಿಂತಿತು. ಇಂದು ತೇಲುವುದು ರಜೆಯ ದೋಣಿಗಳು: ಮಲಗುವ ಕೋಣೆ, ಅಡಿಗೆಯ ಒಲೆ, ಸ್ನಾನಕ್ಕೆ ಬಿಸಿನೀರು ಎಲ್ಲ ಉಂಟು. ಹದಿನೈದು ಮೀಟರ್ ಮೀರದ ಬಾಡಿಗೆ ದೋಣಿಗೆ ಲೈಸೆನ್ಸ್ ಬೇಡ. ಹೊರಡುವ ಮುನ್ನ ಸ್ವಲ್ಪ ಹೊತ್ತು ಕಲಿಸಿಕೊಡುತ್ತಾರೆ. ವೇಗದ ಮಿತಿ ಗಂಟೆಗೆ ೮ ಕಿಲೋಮೀಟರ್. ದಂಡೆಯ ಮೇಲೆ ಸೈಕಲ್ಲಿನಲ್ಲಿ ಹೋಗುವ ಮುದುಕರು ನಮ್ಮನ್ನು ಹಿಂದಿಕ್ಕಿ ಕೈಬೀಸುತ್ತಿದ್ದರು.

ನಾವು ನಾಲ್ವರು ಕಸ್ತೆಲ್ನೊದಾರಿಯಲ್ಲಿ ದೋಣಿ ಹಿಡಿದೆವು. ಊರು ದಾಟುತ್ತಲೇ ನಾಲ್ಕು ಲಾಕುಗಳ ಸಾಲು, ಎಲ್ಲವೂ ಇಳಿತ. ನಾನು ಜಾಣನೆಂದುಕೊಂಡು ಹಗ್ಗವನ್ನು ದಂಡೆಯ ಗೂಟಕ್ಕೆ ಭದ್ರವಾಗಿ ಗಂಟು ಹಾಕಿಬಿಟ್ಟೆ. ನೀರು ಇಳಿಯಿತು, ದೋಣಿ ಇಳಿಯಲಿಲ್ಲ. ಒಂದು ಪಕ್ಕ ಜೋತುಬಿದ್ದು ವಾಲತೊಡಗಿತು. ಒಳಗೆ ಅನ್ನದ ಪಾತ್ರೆ ಉರುಳಿದ ಸದ್ದು, ಮೇಲೆ ನನ್ನಾಕೆಯ ಕೂಗು. ಲಾಕಿನವನು ಓಡಿಬಂದು ತೂಬು ಮುಚ್ಚಿ ನೀರು ಮತ್ತೆ ಏರಿಸಿದ ಮೇಲೆಯೇ ಗಂಟು ಬಿಚ್ಚಿದ್ದು. ಇಳಿಯುವ ಲಾಕಿನಲ್ಲಿ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಬಳಸಿ ಕೈಯಲ್ಲೇ ಹಿಡಿದು, ಸಡಿಲಿಸುತ್ತ ಬರಬೇಕು. ಇನ್ನೊಂದು ಮಾತು: ನಡುಹಗಲು ಹನ್ನೆರಡೂವರೆಯಿಂದ ಒಂದೂವರೆವರೆಗೆ ಊಟದ ಹೊತ್ತು, ಲಾಕು ಬಂದ್. ಹಾರ್ನ್ ಒತ್ತಿ ಫಲವಿಲ್ಲ. ನೀವೂ ಉಂಡುಬಿಡುವುದೇ ಮೇಲು.

೧೭೮೭ರಲ್ಲಿ ಇದೇ ನೀರಿನ ಮೇಲೆ ಥಾಮಸ್ ಜೆಫರ್‌ಸನ್ ಪಯಣಿಸಿದ್ದ. ಆಗ ಅವನು ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿ. ತನ್ನ ಸಾರೋಟಿನ ಗಾಲಿ ಕಳಚಿಸಿ, ಅದನ್ನು ದೋಣಿಯ ಮೇಲಿರಿಸಿ, ಒಳಗೆ ಕುಳಿತು ಕಿಟಕಿಯಿಂದ ನೋಡುತ್ತ, ನೈಟಿಂಗೇಲ್ ಹಕ್ಕಿಗಳ ಹಾಡು ಕೇಳುತ್ತ ಹೋದ.

ಅವನು ಕಾಣದ ಒಂದು ಸೊಬಗು ನಾಲೆಗೆ ಆಮೇಲೆ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡೆಗಳುದ್ದಕ್ಕೂ ಪ್ಲೇನ್ ಮರಗಳನ್ನು ನೆಟ್ಟರು. ಇತ್ತೀಚಿನವರೆಗೂ ಸುಮಾರು ೪೨೦೦೦ ಇದ್ದುವು. ಬೇರು ದಂಡೆಯನ್ನು ಹಿಡಿಯುತ್ತದೆ, ನೆರಳು ನೀರು ಆರದಂತೆ ಕಾಯುತ್ತದೆ. ೨೦೦೬ರಲ್ಲಿ ಇವುಗಳಲ್ಲಿ ಒಂದು ಬೂಷ್ಟು ರೋಗ ಕಂಡಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳೊಡನೆ ಇದು ಫ್ರಾನ್ಸಿಗೆ ಕಾಲಿಟ್ಟಿತೆಂದು ಎಣಿಕೆ. ಮದ್ದಿಲ್ಲ. ಸೋಂಕಿದ ಮರವನ್ನು ನೆರೆಯ ಮರಗಳೊಡನೆ ಕಡಿದು ಸುಡುವುದೊಂದೇ ದಾರಿ. ಹೀಗೆ ಸಾವಿರ ಸಾವಿರ ಮರಗಳು ಹೋದುವು. ಕೆಲವೆಡೆ ದೋಣಿ ಹಸಿರು ಚಪ್ಪರದಡಿಯಿಂದ ಒಮ್ಮೆಗೇ ಬಟ್ಟಬಯಲ ಬಿಸಿಲಿಗೆ ಬರುತ್ತದೆ. ದಂಡೆಯ ಮೇಲೆ ಕೋಲಿಗೆ ಕಟ್ಟಿದ ಓಕ್ ಸಸಿಗಳು, ಆಳೆತ್ತರ. ದೋಣಿಯನ್ನು ಮರಕ್ಕೆ ಕಟ್ಟುವುದು ಈಗ ನಿಷಿದ್ಧ, ಹಗ್ಗ ತೊಗಟೆಯನ್ನು ಉಜ್ಜಿದ ಗಾಯದಿಂದಲೂ ರೋಗ ಹೊಕ್ಕೀತು. ಅದಕ್ಕೇ ದೋಣಿಯಲ್ಲಿ ಎರಡು ಕಬ್ಬಿಣದ ಗೂಟ, ಒಂದು ಸುತ್ತಿಗೆ ಕೊಟ್ಟಿರುತ್ತಾರೆ. ಸಂಜೆ ನಿಂತಲ್ಲಿ ನೆಲಕ್ಕೆ ಬಡಿದು ಕಟ್ಟಬೇಕು.

ಆರನೆಯ ದಿನ ಮಲ್ಪಾ ಸುರಂಗ. ೧೬೭೯ರಲ್ಲಿ ಗುಡ್ಡ ಕೊರೆದು ನಾಲೆ ಹಾಯಿಸಿದ್ದು. ಇನ್ನೂರು ಮೀಟರಿಗೂ ಕಡಿಮೆ, ಆದರೆ ದೋಣಿ ಹೋಗುವ ಸುರಂಗ ಯುರೋಪಿನಲ್ಲೇ ಅದು ಮೊದಲನೆಯದು. ಮರುದಿನ ರಿಕೆ ಹುಟ್ಟಿದೂರು ಬೆಜಿಯೆ. ಊರ ಮುಂದೆ ಒಂದರ ಕೆಳಗೊಂದು ಎಂಟು ಕೊಠಡಿಗಳಾಗಿ ಕಟ್ಟಿದ ಫೋನ್ಸೆರಾನ್ ಲಾಕುಗಳ ಮೆಟ್ಟಿಲು, ಒಟ್ಟು ಇಳಿತ ೨೧ ಮೀಟರಿಗೂ ಮಿಕ್ಕು. ಅಲ್ಲಿ ಹಗ್ಗ ಹಿಡಿಯುವ ಕೆಲಸವನ್ನು ಮನೆಯವರು ನನಗೆ ಕೊಡಲಿಲ್ಲ.