ಹಳೆ ಟ್ರ್ಯಾಕ್ಟರಿನ ಭಾಗ ಗುರುತಿಸಿ ದುರಸ್ತಿ ಮಾಡುವ ಬಗೆ



ಎರಿ ಹೊಲದಾಗ ಬಿತ್ತನೆಯ ಹದ ಇರುವುದು ಕೆಲವೇ ದಿನ. ಹಿಂಗಾರಿ ಜೋಳ, ಕಡಲೆ ಬಿತ್ತುವ ಹೊತ್ತಿಗೇ ಮನೆಯ ಹಳೆ ಟ್ರ್ಯಾಕ್ಟರು ಕೆಟ್ಟು ನಿಂತರೆ ಹದ ನಮಗಾಗಿ ಕಾಯುವುದಿಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಗದಗ-ಬೆಟಗೇರಿಗೆ ಹೋಗಿ ತಂದ ಸಾಮಾನು ಕೂಡದಿದ್ದರೆ ಮತ್ತೊಂದು ದಿನ ಹಾಳು, ಮತ್ತೊಂದು ಖರ್ಚು. ಆದ್ದರಿಂದ ಪೇಟೆಗೆ ಹೋಗುವ ಮೊದಲೇ ಭಾಗವನ್ನು ಸರಿಯಾಗಿ ಗುರುತಿಸಬೇಕು.

ಟ್ರ್ಯಾಕ್ಟರಿನ ಹೆಸರೊಂದೇ ಹೇಳಿದರೆ ಸಾಲದು. ಮ್ಯಾಸಿ ಫರ್ಗ್ಯೂಸನ್ 35ರ ಮೊದಲ ಡೀಸೆಲ್ ಗಾಡಿಗಳಿಗೆ 4 ಸಿಲಿಂಡರಿನ ಎಂಜಿನ್ನು ಇತ್ತು. ಮುಂದೆ 3 ಸಿಲಿಂಡರಿನ ಪರ್ಕಿನ್ಸ್ ಎಂಜಿನ್ನು ಬಂತು. ಹೆಸರು ಒಂದೇ, ಸಾಮಾನು ಬೇರೆ. ಡೀಸೆಲ್ ಪಂಪಿನಿಂದ ಎಂಜಿನ್ನಿನ ತಲೆಗೆ ಹೋಗುವ ಸಣ್ಣ ಉಕ್ಕಿನ ನಳಿಗೆಗಳನ್ನು ಎಣಿಸಿರಿ. ನಳಿಗೆ ಎಷ್ಟೋ ಸಿಲಿಂಡರು ಅಷ್ಟು. ತಗಡಿನ ಪಟ್ಟಿಯ ಮೇಲಿನ ಮಾದರಿ, ಎಂಜಿನ್ನಿನ ನಂಬರು ಬರೆದುಕೊಳ್ಳಿರಿ. ಬಿಚ್ಚಿದ ಹಳೆಯ ಭಾಗವನ್ನೂ ಸಂಗಡ ಒಯ್ಯಿರಿ.

ಕಾರ್ಖಾನೆಯೇ ನಿಂತಿದ್ದರೆ? ಎಚ್.ಎಂ.ಟಿ.ಯವರು ಝೆಟರ್ ಸಹಯೋಗದಿಂದ 1971ರಲ್ಲಿ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಟ್ರ್ಯಾಕ್ಟರು ಮಾಡತೊಡಗಿದರು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿತು. ಇಂಥ ಗಾಡಿಗೆ ಅಳತೆಯೇ ಆಧಾರ. ಬೇರಿಂಗಿನ ಮೈಮೇಲೆ 6205 ಎಂದಿದ್ದರೆ ಕೊನೆಯ 05ನ್ನು 5ರಿಂದ ಗುಣಿಸಿರಿ. ಒಳತೂತು 25 ಮಿಲಿಮೀಟರು. 6305ಕ್ಕೂ ತೂತು ಅಷ್ಟೇ, ಆದರೆ ಹೊರಸುತ್ತು 52ರ ಬದಲು 62 ಮಿಲಿಮೀಟರು. ಆದ್ದರಿಂದ ಪೂರ್ತಿ ನಂಬರು ನೋಡಿರಿ. ಈ ನಂಬರು ಯಾವ ಕಂಪನಿಯ ಬೇರಿಂಗಿಗೂ ಒಂದೇ.

ಎಣ್ಣೆ ಸೀಲಿನ ಮೇಲೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಎಂದು ಮೂರು ಅಂಕಿ ಇರುತ್ತವೆ. ಕೂಡಿಸುವಾಗ ಸ್ಪ್ರಿಂಗು ಇರುವ ತುಟಿ ಎಣ್ಣೆಯ ಕಡೆಗೇ ಇರಲಿ. ಹೊಸ ಸೀಲು ಹಾಕಿದರೂ ಸೋರಿದರೆ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿರಿ. ಉಗುರು ತಡೆದರೆ ಅಲ್ಲಿ ಸವೆದು ಗೆರೆ ಬಿದ್ದಿದೆ, ತಪ್ಪು ಸೀಲಿನದಲ್ಲ.

ಬೋಲ್ಟಿನ ವಿಷಯದಲ್ಲೂ ಎಚ್ಚರ ಬೇಕು. ಇಂಗ್ಲೆಂಡಿನ ಹಳೆ ಮ್ಯಾಸಿಗೆ ಇಂಚಿನ ತ್ರೆಡ್ಡು, ಝೆಟರಿಗೆ ಮಿಲಿಮೀಟರಿನದು. ಮೊದಲು ಕೈಯಿಂದ ತಿರುವಿರಿ. ಎರಡು ಸುತ್ತಿಗೇ ಬಿಗಿಯಾದರೆ ನಿಲ್ಲಿಸಿರಿ. ಪಾನಾ ಹಾಕಿ ಜೋರು ಮಾಡಿದರೆ ಬೋಲ್ಟಿನ ಸಂಗಡ ಎಂಜಿನ್ನಿನ ತೂತೂ ಕೆಡುತ್ತದೆ.

ಇನ್ನು, ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ಬದಲಿಸಬೇಕು? ಸವೆದ ಬುಶ್ಶನ್ನು ಲೇತಿನವರಿಂದ ಅಳತೆಗೆ ಹೊಸದಾಗಿ ಮಾಡಿಸಬಹುದು. ಮುರಿದ ರಂಟಿಯ ಚೌಕಟ್ಟನ್ನು ಬೆಸೆಯಬಹುದು. ಆದರೆ ಸ್ಟೇರಿಂಗಿನ ಕಡ್ಡಿ, ಅದರ ಗುಂಡು ಕೀಲು, ಬ್ರೇಕಿನ ಭಾಗಗಳಿಗೆ ಮಾತ್ರ ವೆಲ್ಡಿಂಗು ಬೇಡವೇ ಬೇಡ. ಉಳಿದ ನಾಲ್ಕು ರೂಪಾಯಿ ಮನೆಯವರ ಜೀವಕ್ಕಿಂತ ಹೆಚ್ಚಲ್ಲ. ಎತ್ತಿದ ರಂಟಿಯನ್ನು ನೆಲಕ್ಕೆ ಇಳಿಸಿ, ಎಂಜಿನ್ನು ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟ ಮೇಲೆಯೇ ಕೆಲಸಕ್ಕೆ ಕೈ ಹಾಕಿರಿ.

ಬದಲಿಸಿದ ಪ್ರತಿ ಭಾಗದ ನಂಬರು, ಅಳತೆ, ತಾರೀಖುಗಳನ್ನು ಒಂದು ವಹಿಯಲ್ಲಿ ಬರೆದಿಡಿರಿ. ಶಾಲೆಗೆ ಹೋಗುವ ಮಗಳಿಗೋ ಮಗನಿಗೋ ಈ ಕೆಲಸ ಒಪ್ಪಿಸಬಹುದು. ಮುಂದಿನ ಹಂಗಾಮಿನಲ್ಲಿ ಗಾಡಿ ನಿಂತರೆ, ಮಿಸ್ತ್ರಿಗೆ ಮೊದಲು ತೋರಿಸಬೇಕಾದದ್ದು ಆ ವಹಿಯನ್ನೇ.